ಹನ್ನೊಂದನೇ ಆಂಟೆನಾ ಮತ್ತು ಅರ್ಧ ಬಳೆ

೧
ಎಲ್ಲಿಂದ ಶುರುಮಾಡಲಿ? ನಕ್ಷತ್ರ ಸಿಡಿದಲ್ಲಿಂದ ಶುರುಮಾಡಿದರೆ ಎಂಟು ಸಾವಿರ ವರ್ಷ ಹಿಂದೆ ಹೋಗಬೇಕು. ಆಗ ಪುಣೆ ಕಡೆಯ ಈ ಫಲಟಣದಲ್ಲಿ ದಾಳಿಂಬೆ ಮಾರುಕಟ್ಟೆಯೂ ಇರಲಿಲ್ಲ, ಓದುಗರೂ ಇರಲಿಲ್ಲ. (ಈ ವಾಕ್ಯ ಬರೆದು ನಾನೊಬ್ಬನೇ ನಕ್ಕೆ.) ಆ ಡ್ರಾಫ್ಟ್ ಹರಿದು ಹಾಕಿದೆ.

೨
ಮಂಗಳವಾರ ಬೆಳಿಗ್ಗೆಯಿಂದ ಶುರುಮಾಡೋಣ. ಫಲಟಣದ ಹೊರಗಿರುವ ನಮ್ಮ ರೇಡಿಯೋ ಆಂಟೆನಾಗಳು ಹಗಲಲ್ಲೂ ಆಕಾಶಕ್ಕೆ ಕಿವಿಗೊಡುತ್ತವೆ. ನಾನು ಅಲ್ಲಿನ ಲೈಬ್ರರಿಯವನು, ಇಪ್ಪತ್ತೆರಡು ವರ್ಷದಿಂದ. ವಿಜ್ಞಾನಿಗಳ ಲೇಖನಗಳ ಭಾಷೆ ತಿದ್ದುವುದೂ ನನ್ನದೇ ಕೆಲಸ. ಅವರಲ್ಲೊಬ್ಬರಾದ ಸುಲಭಾ ಆಠಲ್ಯೆ ಮಾರ್ಚಿನಲ್ಲಿ ನಿವೃತ್ತರಾಗುವವರಿದ್ದರು. ಆರು ವರ್ಷ ದುಡಿದು, ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಬಳೆಯನ್ನು ಆಕಾಶದಲ್ಲಿ ಕಂಡುಹಿಡಿದಿದ್ದರು: ಸಿಡಿದ ನಕ್ಷತ್ರದ ಅವಶೇಷ, ಇನ್ನೂ ಹಿಗ್ಗುತ್ತಿರುವ ಅನಿಲ. ಲೇಖನ ಗುರುವಾರ ಹೋಗಬೇಕಿತ್ತು.

೩
ನಾವಿಬ್ಬರೂ ಕ್ಯಾಂಟೀನಿನಲ್ಲಿ ಖಾರದ ಮಿಸಳ್ ಪಾವ್ ತಿನ್ನುತ್ತಿದ್ದಾಗ ಆಂಟೆನಾ ಮೆಕ್ಯಾನಿಕ್ ಬಬನ್ ಮುಳೀಕ್ ಬಂದ. ಕೂರಲಿಲ್ಲ.

"ಮ್ಯಾಡಮ್, ನಿಮ್ಮ ಬಳೆಗೆ ನವೆಂಬರಿನ ರೆಕಾರ್ಡಿಂಗ್ ತಗೊಂಡಿದ್ದೀರಾ?"

"ಅದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದು. ಯಾಕೆ?"

"ಹನ್ನೊಂದನೇ ಆಂಟೆನಾ ಮೋಟರ್ ಬದಲಾಯಿಸಿದ್ನಲ್ಲ, ಕೂರಿಸೋವಾಗ ತಪ್ಪಾಯ್ತು. ಒಂಬತ್ತು ದಿನ ಅದು ಒಂಚೂರು ಪಕ್ಕಕ್ಕೆ ನೋಡ್ತಿತ್ತು. ಆಮೇಲೆ ಸರಿಮಾಡ್ದೆ. ಲಾಗ್‌ಬುಕ್ಕಲ್ಲಿ ಬರೀಲಿಲ್ಲ."

"ಯಾಕೆ?"

"ನನ್ನನ್ನ ಪರ್ಮನೆಂಟ್ ಮಾಡೋ ಮಾತು ನಡೀತಿತ್ತು. ಹೆದರ್ಕೊಂಡೆ."

ಸುಲಭಾ ಪಾವಿನ ತುಂಡನ್ನು ತಟ್ಟೆಗೆ ಹಾಕಿದರು. "ಬಬನ್‌ರಾವ್, ಮೂರು ತಿಂಗಳು ಸುಮ್ನಿದ್ದೋರಿಗೆ ಇನ್ನೆರಡು ದಿನ ಸುಮ್ನಿರೋಕಾಗ್ಲಿಲ್ವಾ?"

"ನೋಟಿಸ್ ಬೋರ್ಡಲ್ಲಿ ಬಳೆ ಚಿತ್ರ ಹಾಕಿದ್ರಲ್ಲ ಮ್ಯಾಡಮ್. ದಿನಾ ಅದರ ಮುಂದೇನೇ ಹೋಗ್ಬೇಕು. ತಡ್ಕೊಳ್ಳೋಕಾಗ್ಲಿಲ್ಲ."

೪
(ಇಷ್ಟನ್ನು ಬಬನ್‌ಗೆ ಅವನ ಭಾಷೆಯಲ್ಲಿ ಓದಿ ಹೇಳಿದೆ. ಜಗಳಕ್ಕೆ ನಿಂತ.

"'ಹೆದರ್ಕೊಂಡೆ' ಅನ್ನೋದು ತೆಗೀರಿ ಸಾಹೇಬ್, ಹೆಂಡ್ತಿ ಓದ್ತಾಳೆ."

"ನಿನ್ನ ಹೆಂಡ್ತಿಗೆ ಕನ್ನಡ ಬರಲ್ಲ."

"ಹಾಗಿದ್ರೆ ಇರ್ಲಿ ಬಿಡಿ.")

೫
ಮುಕ್ತಾಯ ಒಂದು: ಏನೂ ಕೇಳಿಸಿಕೊಳ್ಳದವರಂತೆ ಸುಲಭಾ ಲೇಖನ ಕಳಿಸಿದರು. ಕಳಿಸಬಹುದಿತ್ತು, ಗೊತ್ತಿದ್ದವರು ಮೂವರೇ. ಇದನ್ನು ತೋರಿಸಿದಾಗ "ಇದು ನಾನಲ್ಲ" ಎಂದು ಅಡ್ಡಗೀಟು ಎಳೆದರು.

ಮುಕ್ತಾಯ ಎರಡು: ಲೆಕ್ಕ ತಿದ್ದಿದ ಮೇಲೂ ಬಳೆ ಪೂರ್ತಿ ಉಳಿಯಿತು, ಎಲ್ಲರೂ ಪೇಡಾ ತಿಂದರು. ಇದನ್ನು ನಾನೇ ಹೊಡೆದುಹಾಕಿದೆ.

೬
ನಡೆದದ್ದು ಇಷ್ಟು. ಆ ಒಂಬತ್ತು ದಿನಗಳ ರೆಕಾರ್ಡಿಂಗ್‌ನಿಂದ ಹನ್ನೊಂದನೇ ಆಂಟೆನಾವನ್ನು ಕೈಬಿಟ್ಟು ಸುಲಭಾ ಚಿತ್ರವನ್ನು ಹೊಸದಾಗಿ ಮಾಡಿದರು. ಹನ್ನೆರಡು ದಿನ ಹಿಡಿಯಿತು. ಬಬನ್ ತನ್ನ ತಪ್ಪನ್ನು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದ. ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಹೊಸ ಚಿತ್ರದಲ್ಲಿ ಬಳೆಯ ಪಶ್ಚಿಮದ ಅರ್ಧ ಮಾಯವಾಗಿತ್ತು. ಪೂರ್ವದಲ್ಲೊಂದು ಮಸುಕು ಕಮಾನು. ಅದು ಅವಶೇಷವೋ ಬರೀ ಅನಿಲದ ಮೋಡವೋ, ಹೇಳಲು ಇನ್ನೂ ಕೆಲವು ವರ್ಷ ನೋಡಬೇಕು. ಸುಲಭಾ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದರು. ಅತ್ತರೇ? ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

"ಶೀರ್ಷಿಕೇಲಿ 'ಹೊಸ ಅವಶೇಷ' ತೆಗೆದು 'ಅವಶೇಷ ಇರಬಹುದು' ಅಂತ ಮಾಡಿ," ಎಂದರು.

"ಆರು ವರ್ಷಕ್ಕೆ ಇಷ್ಟೇನಾ ಮ್ಯಾಡಮ್?"

"ಇದ್ದಿದ್ದು ಇಷ್ಟೇ. ಮಿಕ್ಕಿದ್ದು ನನ್ನ ಆಸೆ."

೭
ಈಗ ನೀವು ಕೇಳುತ್ತೀರಿ: ಕೊನೆಗೆ ಅದು ಏನು? ನನಗೆ ಗೊತ್ತಿಲ್ಲ, ಗೊತ್ತಿರುವಂತೆ ಬರೆಯಲಾರೆ. ಮೊನ್ನೆ ಸುಲಭಾ ಪುಣೆಯಿಂದ ಫೋನ್ ಮಾಡಿದ್ದರು.

"ನನ್ನ ಜಾಗಕ್ಕೆ ಬಂದ ಹುಡುಗಿ ಅದನ್ನ ನೋಡೋಕೆ ಶುರುಮಾಡಿದಾಳಾ?"

"ಮಾಡಿದಾಳೆ."

"ಏನಂತಾಳೆ?"

"ಇನ್ನೂ ಏನೂ ಅಂದಿಲ್ಲ."

"ಒಳ್ಳೇದು. ಅವಸರ ಮಾಡ್ಬೇಡ ಅಂತ ಹೇಳಿ," ಎಂದರು. ಆದರೆ ಫೋನ್ ಇಡಲಿಲ್ಲ.