ಹುಲಿ ಕೆತ್ತಿದ ವರ್ಷ

ಸುಗುಣ ಗೇಟು ದಾಟುವಷ್ಟರಲ್ಲಿ ರಾಜೀವ ಮಾಷ್ಟ್ರ ಹೆಣವನ್ನು ಅಂಗಳಕ್ಕೆ ತಂದು ಬಾಳೆಎಲೆಯ ಮೇಲೆ ಮಲಗಿಸುತ್ತಿದ್ದರು. ತೆಕ್ಕಟ್ಟೆಯ ಅರ್ಧ ಊರು ಅಲ್ಲಿತ್ತು.

"ಎಂಥಾ ಕಲಾ ಇತಿಹಾಸಕಾರ್ರ್ ಮಾರಾಯ್ರೆ! ಬೈಂದೂರಿಂದ ಬ್ರಹ್ಮಾವರದ್ ತನಕ ಅವ್ರ್ ಕಾಣದ್ ದೈವಸ್ಥಾನ ಇಲ್ಲ," ಎಂದ ಪಕ್ಕದ ಮನೆಯ ಚಂದಯ್ಯ. "ಗುಲ್ವಾಡಿ ಹುಲಿಗೆ ನಾನ್ನೂರ್ ವರ್ಷ ಆಯ್ತ್ ಅಂತ ಕಂಡ್ ಹಿಡ್ದದ್ದ್ ಅವ್ರೇ ಅಲ್ದಾ?"

ಸುಗುಣಳಿಗೆ ಮೈ ಉರಿಯಿತು. ಗುಲ್ವಾಡಿ ದೈವಸ್ಥಾನದ ಆ ಮರದ ಹುಲಿಯನ್ನು ಕೆತ್ತಿದ್ದು ಅವಳ ಅಪ್ಪ ತಿಮ್ಮ ಆಚಾರಿ. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಮುಂದೆ ನಡೆದಳು.

*

ಮರದ ದೈವಗಳಿಗೆ ಗೆದ್ದಲು ಹಿಡಿದರೆ ಹಳೆಯದನ್ನು ಹೊಳೆಗೆ ಬಿಟ್ಟು, ಅದೇ ಅಳತೆಗೆ ಹೊಸದು ಮಾಡಿ ಕೂರಿಸುವುದು ಪದ್ಧತಿ. ಮಾಡಿದವನು ಹೆಸರು ಹಾಕುವಂತಿಲ್ಲ. ಎಣ್ಣೆ, ದೀಪದ ಹೊಗೆ ಕುಡಿದು ಹತ್ತಿಪ್ಪತ್ತು ವರ್ಷಕ್ಕೆ ಹೊಸದೂ ಬಲು ಹಳೆಯದರಂತೆ ಕಾಣುತ್ತದೆ. ಕುಂದಾಪುರದ ಕಾಲೇಜಿನಲ್ಲಿ ಪಾಠ ಮಾಡುತ್ತ, ರಜೆಯಿಡೀ ಟೇಪು, ಕ್ಯಾಮೆರಾ ಹಿಡಿದು ಊರೂರು ಅಲೆದ ಮಾಷ್ಟ್ರು ಅಲ್ಲೇ ಎಡವಿದರು. ಇಪ್ಪತ್ತು ವರ್ಷದ ಹಿಂದೆ ತಮ್ಮ ಪುಸ್ತಕದಲ್ಲಿ ಹುಲಿಯ ಚಿತ್ರದ ಕೆಳಗೆ 'ನಾನ್ನೂರು ವರ್ಷ ಹಳೆಯದು, ಶಿಲ್ಪಿ ಅಜ್ಞಾತ' ಎಂದು ಅಚ್ಚು ಹಾಕಿಸಿದರು.

ಅದನ್ನು ಕೇಳಿ ತಿಮ್ಮ ಆಚಾರಿ ಸುಗುಣಳನ್ನು ಕರೆದುಕೊಂಡು ಇದೇ ಅಂಗಳಕ್ಕೆ ಬಂದಿದ್ದ.

"ಒಡೆಯ್ರೆ, ಅದ್ ನಾ ಕೆತ್ತದ್ದ್. ಹಲ್ಸಿನ್ ಮರ."

ಮಾಷ್ಟ್ರು ನಕ್ಕಿದ್ದರು. "ನೀ ಬಣ್ಣ ಬಳ್ದಿಪ್ಪೆ ತಿಮ್ಮ. ಪ್ರಾಯ ಆಯ್ತಲ್ದಾ, ಮರ್ತ್ ಹೋಯ್ತ್ ನಿಂಗೆ."

ಹಿತ್ತಲ ಗಿಡ ಮದ್ದಲ್ಲ. ಆಚಾರಿ ಮತ್ತೆ ಆ ಮಾತೆತ್ತಲಿಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡ. ಕಳೆದ ತಿಂಗಳು ಮಾಷ್ಟ್ರು ಮೂರು ಸಲ ಫೋನ್ ಮಾಡಿದಾಗ, ದನಿ ಕೇಳಿದೊಡನೆ ಸುಗುಣ ಕಟ್ ಮಾಡಿದ್ದಳು.

*

ಮಾಷ್ಟ್ರ ಮಗಳು ವಿಜೇತಾ ಅವಳನ್ನು ಕಂಡವಳೇ ಒಳಗೆ ಕರೆದು, ಮೇಜಿನ ಮೇಲಿದ್ದ ಹಾಳೆಯೊಂದನ್ನು ಕೈಗಿತ್ತಳು.

"ಸುಗುಣಕ್ಕ, ಪುಸ್ತಕ ಮತ್ತೆ ಅಚ್ಚಿಗ್ ಹೋಪುದಿತ್ತ್. ಹೋದ್ ಮಳ್ಗಾಲ ಅಪ್ಪಂಗೆ ದೈವಸ್ಥಾನದ್ ಹಳೆ ಫೋಟೋ ಒಂದ್ ಸಿಕ್ತ್. ನಿಮ್ಮಪ್ಪಯ್ಯ ಉಳಿ ಹಿಡ್ಕಂಡ್, ಅರ್ಧ ಕೆತ್ತದ್ ಹುಲಿ ಹತ್ರ ಕೂತಿದ್ರ್. ಅದನ್ನ್ ಕಂಡ್ ಅಪ್ಪ ಎರಡ್ ದಿನ ಉಣ್ಲಿಲ್ಲ."

ಹಾಳೆಯಲ್ಲಿ ಹುಲಿಯ ಚಿತ್ರದ ಕೆಳಗೆ ಮಾಷ್ಟ್ರ ಕೈಬರಹವಿತ್ತು. 'ಶಿಲ್ಪಿ: ತಿಮ್ಮ ಆಚಾರಿ, ಗುಲ್ವಾಡಿ. ಕೆತ್ತಿದ ವರ್ಷ:' ಮುಂದೆ ಖಾಲಿ.

"ವರ್ಷ ಕೇಂಬುಕೇ ನಿಮ್ಗ್ ಫೋನ್ ಮಾಡದ್ದ್. ಅಂದಾಜಿಗ್ ಬರೆಯೂಕಾಗ, ಒಂದ್ಸಲ ಹಾಂಗ್ ಮಾಡಿ ತಪ್ಪಾಯ್ತ್ ಅಂದ್ರ್."

ಸುಗುಣ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಒಂದು ನಿಮಿಷ ಮಾತು ಕೇಳಿದ್ದರೆ ತನ್ನದೇನು ಗಂಟು ಹೋಗುತ್ತಿತ್ತು?

ಅಂಗಳದಲ್ಲಿ ಮಾಷ್ಟ್ರ ಬಾಯಿಗೆ ನೀರು ಬಿಡುತ್ತಿದ್ದರು. ಅವಳೂ ಹೊರಬಂದು ತುಳಸಿ ಎಲೆಯಲ್ಲಿ ನೀರು ಬಿಟ್ಟಳು. ಎದ್ದು ಹೋಗದೆ ಮಾಷ್ಟ್ರ ಕಿವಿಯ ಹತ್ತಿರ ಬಾಗಿದಳು.

"ಎಪ್ಪತ್ತೊಂಬತ್ತ್, ಮಾಷ್ಟ್ರೇ. ನಾ ಹುಟ್ಟಿದ್ ವರ್ಷ."

ಹೆಣ ಎತ್ತಲು ಬಂದವರು ಅಲ್ಲೇ ನಿಂತರು. ಅವಳು ಬಾಗಿಯೇ ಇದ್ದಳು.

"ಸಾವಿರದ ಒಂಬೈನೂರ ಎಪ್ಪತ್ತೊಂಬತ್ತ್," ಎಂದು ಇನ್ನೊಮ್ಮೆ, ಬರೆದುಕೊಳ್ಳುವವರಿಗೆ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದಳು.