ನಾನು ಹಗುರಾಗಿ ತಿರುಗಿದ ದಿನ

ಮೊದಲು ಪುಣೆಯ ವರ್ಕ್‌ಶಾಪಿನಲ್ಲಿ ನನ್ನ ಪಾತ್ರೆಗೆ ಬೆಸುಗೆ ಬಿತ್ತು. ಅನಂತರ ಹುಬ್ಬಳ್ಳಿಯ ಔಷಧ ಕಾರ್ಖಾನೆಯೊಂದಕ್ಕೆ ಬಂದೆ. ಬಹುಕಾಲ ಅಲ್ಲಿನ ಕೆಲಸಗಾರ ಫಕೀರಪ್ಪನ ಕೈಯಲ್ಲಿ ದುಡಿದೆ. ಕೊನೆಗೆ ಇಂಜಿನಿಯರ್ ದಾನೇಶ್ವರಿಯ ಕಂಪ್ಯೂಟರಿನ ಮಾತು ಕೇಳಿದೆ. ಈ ಕ್ರಮದಲ್ಲಿಯೇ ಹೇಳುತ್ತೇನೆ.

ನಾನು ಗುಳಿಗೆಯ ಪುಡಿ ಕಲಸುವ ಯಂತ್ರ. ಒಣ ಪುಡಿಗೆ ನೀರು ಬೆರೆಸಿ, ತಳದ ಅಲಗಿನಿಂದ ಸಣ್ಣ ಹರಳುಗಳಾಗಿಸುವುದು ನನ್ನ ಕೆಲಸ. ನೀರು ಕಡಿಮೆಯಾದರೆ ಗುಳಿಗೆ ಉದುರುತ್ತದೆ. ಹೆಚ್ಚಾದರೆ ಹೊಟ್ಟೆಯಲ್ಲಿ ಬೇಗ ಕರಗದು. ನಮ್ಮದು ಮೂರ್ಛೆರೋಗದ ಗುಳಿಗೆ. ಫಕೀರಪ್ಪನ ಮಗಳು ಗಿರಿಜೆಯೂ ಅದನ್ನೇ ನುಂಗುತ್ತಿದ್ದಳು.

ಫಕೀರಪ್ಪ ಕೈಗವಸು ತೊಟ್ಟು, ಒಂದು ಹಿಡಿ ತೆಗೆದು, ಅದುಮಿ ಹದ ನೋಡುತ್ತಿದ್ದ. ಪುಡಿ ನೆನೆದಷ್ಟೂ ನನ್ನ ಮೋಟಾರಿಗೆ ಹೊರೆ ಏರುವುದನ್ನು ದಾನೇಶ್ವರಿ ಗಮನಿಸಿದಳು. ಆ ಹೊರೆಯಿಂದಲೇ ಹದವನ್ನು ಮುಂಚಿತವಾಗಿ ಹೇಳುವ ಗಣಿತ ಮಾದರಿಯೊಂದನ್ನು ಕಟ್ಟಿದಳು. ಒಮ್ಮೆ ಮುಷ್ಟಿಗೂ ಮಾದರಿಗೂ ಭಿನ್ನಾಭಿಪ್ರಾಯ ಬಂತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಮಾದರಿಯೇ ಗೆದ್ದಿತು.

“ನಿಮ್ಮ ಡಬ್ಬಿ ನನ್ನ ಮುಷ್ಟೀನ ರಿಟೈರ್ ಮಾಡಸ್ತೇತಿ ನೋಡ್ರಿ ಮೇಡಂ.”

“ಮನ್ಯಾಗ ಹಿಟ್ಟು ನಾದಿ ಕೊಡ್ರಿ ಕಾಕಾ. ಕಾಕಿ ಖುಷಿ ಆಗ್ತಾರ.”

ನನ್ನ ಕೋಣೆಯೊಳಗೆ ಕುಂಕುಮ, ಹೂವು ತರುವಂತಿಲ್ಲ. ಆದ್ದರಿಂದ ಆಯುಧಪೂಜೆಗೆ ನನ್ನನ್ನು ತೊಳೆದು, ಎಣ್ಣೆ ಹಾಕುವುದೇ ಫಕೀರಪ್ಪನ ಪೂಜೆಯಾಗಿತ್ತು. ಆ ವರ್ಷ ನನ್ನ ಅಲಗಿನ ತಿರುಗಾಟವನ್ನು ಬಿಗಿ ಮಾಡಿದ್ದ ಸವೆದ ಬೇರಿಂಗನ್ನೂ ಬದಲಿಸಿದ. ಪೂಜೆಗೆಂದು ಮಾಡಿದ್ದನ್ನು ರಿಪೇರಿಯೆಂದು ಅವನು ಎಣಿಸಲಿಲ್ಲ; ಯಾರಿಗೂ ತಿಳಿಸಲಿಲ್ಲ.

ಹಬ್ಬ ಮುಗಿದು ಕೆಲಸ ಆರಂಭವಾದಾಗ ನಾನು ಹಗುರಾಗಿ ತಿರುಗಿದೆ. ಹೊರೆ ಎಂದಿನಷ್ಟು ಏರದಿದ್ದುದನ್ನು ಕಂಡ ಮಾದರಿ, ಪುಡಿ ಇನ್ನೂ ನೆನೆದಿಲ್ಲವೆಂದು ಬಗೆದು ಇನ್ನಷ್ಟು ನೀರು ಕೇಳಿತು. ಹದ ಬಂದದ್ದು ನನ್ನ ಅಲಗಿಗೆ ತಿಳಿದಿತ್ತು. ಹೇಳಲು ಬಾಯಿ ಇರಲಿಲ್ಲ.

ಫಕೀರಪ್ಪ ಹಿಡಿ ಅದುಮಿ ನೋಡಿದ. “ನನ್ನ ಕೈ ಸಾಕು ಅಂತೇತ್ರಿ. ಆದ್ರ ಹೋದ ಸಲ ಅದು ಸುಳ್ಳಾತಲ್ಲ. ಹಾಕ್ರಿ ನೀರು.”

ದಾನೇಶ್ವರಿಯ ಬೆರಳು ನೀರು ಬಿಡುವ ಗುಂಡಿಯ ಮೇಲೆಯೇ ನಿಂತಿತು. “ಈ ಗುಳಿಗಿ ಗಿರಿಜಾಗೂ ಹೋಗ್ತೇತಿ ಅಲ್ರಿ ಕಾಕಾ?”

“ಹೂಂ ರೀ.”

“ಮಷಿನ್ನಿಗೆ ಏನರ ಮಾಡೀರೇನು?”

“ಏನಿಲ್ರಿ. ಪೂಜಿ ಮಾಡೀನಿ, ಅಷ್ಟ.”

“ಪೂಜಿ ಅಂದ್ರ?”

“ಹೊಸಾ ಬೇರಿಂಗ್ ಹಾಕೀನ್ರಿ.”

ಆಕೆ ಕೈ ಹಿಂತೆಗೆದಳು. ಕಲಸಿದ್ದನ್ನೆಲ್ಲ ಹೊರತೆಗೆಸಿ, ನನ್ನನ್ನು ತೊಳೆಸಿ, ಖಾಲಿಯಾಗಿ ತಿರುಗಿಸಿದಳು. ಹೊರೆ ಮೊದಲಿಗಿಂತ ಬಹಳ ಕಡಿಮೆಯಿತ್ತು. ತಿಳಿಸದೆ ರಿಪೇರಿಯಾದ ಯಂತ್ರದಲ್ಲಿ ಕಲಸಿದ್ದೆಂದು ಆ ಪುಡಿಯನ್ನು ನಾಶಪಡಿಸಲಾಯಿತು. ಮೇಲಧಿಕಾರಿಗಳು ಮಾದರಿಗೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಂಡರು. ಆಕೆ ಅದನ್ನು ಮತ್ತೆ ಮೊದಲಿನಿಂದ ಕಟ್ಟಿದಳು.

ಈಗ ಹಳತಾದ ನಾನು ತರಬೇತಿ ಕೋಣೆಯ ಮೂಲೆಯಲ್ಲಿ, ಮೋಟಾರು ಕಳಚಿ, ಮುಚ್ಚಳ ತೆರೆದು ನಿಂತಿದ್ದೇನೆ. ದಾನೇಶ್ವರಿ ನನ್ನ ಅಲಗನ್ನು ಕೈಯಿಂದ ತಿರುಗಿಸಿ ತೋರಿಸುತ್ತ, ಅಂದು ತಾನು ಕಂಡು ಬರೆದಿಟ್ಟ ನಿರ್ಣಯವನ್ನು ಹೊಸಬರಿಗೆ ಓದುತ್ತಾಳೆ: ಯಂತ್ರ ಖಾಲಿ ತಿರುಗುವಾಗಿನ ಹೊರೆಯನ್ನು ಲೆಕ್ಕದಿಂದ ಕಳೆಯದ ಹೊರತು ಪುಡಿಯ ಹದ ತಿಳಿಯದು.