ಅರ್ಧ ಸೆಕೆಂಡು

ಬೂದು ಕಾರು ಎರಡನೇ ಸಲವೂ ಸೋತಿತು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಕೆಂಪು ಕಾರಿಗೆ ನಾಲ್ಕು ಪಾಯಿಂಟ್ ಎರಡು ಸೆಕೆಂಡು ಸಾಕಾಗಿತ್ತು; ಇದಕ್ಕೆ ನಾಲ್ಕು ಪಾಯಿಂಟ್ ಏಳು ಬೇಕಾಯಿತು. ಹಳೆಯ ರನ್‌ವೇ ಪಕ್ಕದಲ್ಲಿ ಮಡಿಸುವ ಮೇಜು ಹಾಕಿಕೊಂಡು ಕೂತಿದ್ದ ಸೆಕೆಂಡಮ್ಮ ಆ ಅಂಕಿಯನ್ನು ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿಬಿಟ್ಟಳು.

ಕಾರುಗಳ ಪತ್ರಿಕೆಯೊಂದಕ್ಕೆ ವೇಗ ಅಳೆದುಕೊಡುವುದು ಅವಳ ಕೆಲಸ. ಟೀ ಕುಡಿದು ಬರುವವರನ್ನೂ ಗಡಿಯಾರ ನೋಡಿ ಮಾತಾಡಿಸುತ್ತಾಳೆಂದು ಆಫೀಸಿನವರು ಆ ಹೆಸರಿಟ್ಟಿದ್ದರು. ಕಾರು ಓಡಿಸುವವನು ಅವಳ ಒಡಹುಟ್ಟಿದ ಅಣ್ಣ. ಇಪ್ಪತ್ತೆರಡು ವರ್ಷಗಳಿಂದ ಪತ್ರಿಕೆಯ ಕೋಷ್ಟಕದಲ್ಲಿ ಚಾಲಕ ಎಂಬಲ್ಲಿ ಅವನದೊಂದೇ ಹೆಸರು. ಅವನು ಓಡಿಸಿ ತೆಗೆದ ಅಂಕಿಯನ್ನು ಓದುಗರು ಕಣ್ಣುಮುಚ್ಚಿ ನಂಬುತ್ತಿದ್ದರು. ಅವಳೂ ನಂಬುತ್ತಿದ್ದಳು, ಕಳೆದ ಶುಕ್ರವಾರದವರೆಗೆ.

ಶುಕ್ರವಾರ ಬಸ್ಸಿನ ಕಿಟಕಿಯಿಂದ ಅವಳು ಕಣ್ಣಾರೆ ನೋಡಿದ್ದಳು. ಕೆಂಪು ಕಾರಿನ ಕಂಪನಿಯ ಪ್ರಚಾರದವನು ತನ್ನ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ, ಪಕ್ಕದಲ್ಲಿ ಅಣ್ಣ ಕೂತಿದ್ದ. ಸಂಜೆ ಫೋನ್ ಮಾಡಿ ಎಲ್ಲಿದ್ದೆ ಎಂದು ಕೇಳಿದರೆ, "ಮನೇಲೇ ಇದ್ನಲ್ಲ, ಮಲಗಿದ್ದೆ" ಎಂದ. ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿತ್ತು.

ಅದೇ ಪ್ರಚಾರದವನು ಈಗ ಡೇರೆಯ ನೆರಳಿನಲ್ಲಿ ನಿಂತು ಅವಳಿಗೆ ತಣ್ಣನೆಯ ನೀರಿನ ಬಾಟಲಿ ಚಾಚಿದ. "ನಿಮ್ಮಣ್ಣ ಓಡಿಸಿದ ಮೇಲೆ ಮುಗೀತು ಮೇಡಂ. ಅದಕ್ಕೆ ಎರಡು ಮಾತಿಲ್ಲ."

ಬೆಣ್ಣೆ ಜಾಸ್ತಿಯಾಯಿತು ಎನಿಸಿ ಅವಳು ಬಾಟಲಿ ಮುಟ್ಟಲಿಲ್ಲ. ಬೂದು ಕಾರಿನ ಕಡೆಯಿಂದ ಒಬ್ಬ ಮೆಕ್ಯಾನಿಕ್ ಮಾತ್ರ ಬಂದಿದ್ದ. ಮೂವತ್ತು ಜನ ಸೇರಿ ನಡೆಸುವ ಕಾರ್ಖಾನೆ ಅವರದು. ಇದು ಅವರ ಮೊದಲ ಕಾರು. ನಾಳೆ ಅಚ್ಚಿಗೆ ಹೋಗುವ ಕೋಷ್ಟಕದಲ್ಲಿ ಅದು ಸೋತರೆ ಅವರು ಅಂಗಡಿ ಮುಚ್ಚಿದಂತೆಯೇ. ಮೆಕ್ಯಾನಿಕ್ ಮೊದಲೇ ಫಳಫಳ ಹೊಳೆಯುತ್ತಿದ್ದ ಬಾನೆಟ್ಟನ್ನು ಬಟ್ಟೆಯಿಂದ ಮತ್ತೆ ಮತ್ತೆ ಒರೆಸುತ್ತಿದ್ದ.

ಅವಳು ಎದ್ದು ಎಲ್ಲವನ್ನೂ ಮೊದಲಿನಿಂದ ನೋಡಿದಳು. ಎಂಟೂ ಚಕ್ರಗಳ ಗಾಳಿ ಸರಿಯಿತ್ತು. ಎರಡೂ ಟ್ಯಾಂಕುಗಳಲ್ಲಿ ಪೆಟ್ರೋಲು ಸಮ ಇತ್ತು. ಬೀಸುವ ಗಾಳಿಯ ಸಹಾಯ ಯಾರಿಗೂ ಸಿಗಬಾರದೆಂದು ಎರಡು ದಿಕ್ಕಿನಿಂದಲೂ ಓಡಿಸಿದ್ದಾಗಿತ್ತು. ಕೊನೆಗೆ ಮೇಜಿನ ಮೇಲಿದ್ದ ವೇಗ ಅಳೆಯುವ ಯಂತ್ರದ ಪರದೆಯಲ್ಲಿ ವೇಗದ ಗೆರೆಗಳನ್ನು ಒಂದರ ಮೇಲೊಂದು ಇಟ್ಟಳು. ಕೆಂಪು ಗೆರೆ ಸಲೀಸಾಗಿ ಏರಿತ್ತು, ಅದರ ಗೇರು ತಾನಾಗಿಯೇ ಬದಲಾಗುವಂಥದ್ದು. ಬೂದು ಕಾರಿಗೆ ಕ್ಲಚ್ ಒತ್ತಿ ಕೈಯಲ್ಲೇ ಗೇರು ಹಾಕಬೇಕು. ಅದರ ಗೆರೆ ಎರಡು ಕಡೆ ಮಲಗಿಬಿಟ್ಟಿತ್ತು, ಸರಿಯಾಗಿ ಗೇರು ಬದಲಿಸುವ ಜಾಗದಲ್ಲೇ. ನಿದ್ದೆಗಣ್ಣಿನಲ್ಲೂ ಗೇರು ತಪ್ಪದ ಅಣ್ಣ ಅಲ್ಲಿ ಬೇಕೆಂದೇ ತಡ ಮಾಡಿದ್ದಾನೆ.

ನೇರ ಅಣ್ಣ ಕೂತಿದ್ದ ಬೂದು ಕಾರಿನ ಬಳಿಗೆ ಹೋದಳು. "ಇನ್ನೊಂದ್ಸಲ ಓಡ್ಸು ಅಣ್ಣಾ. ನಾನೂ ಕೂರ್ತೀನಿ."

"ಯಾಕೆ? ನಿನ್ನ ಭಾರ ಸೇರಿದ್ರೆ ಅಂಕಿ ಕೆಡುತ್ತೆ. ನೀನೇ ಮಾಡಿದ ನಿಯಮ ಅಲ್ವೇನೇ ಅದು?"

"ಲೆಕ್ಕಕ್ಕೆ ಹಿಡಿಯಲ್ಲ. ನೋಡ್ಬೇಕು ಅಷ್ಟೆ."

"ಏನು ನೋಡ್ತೀಯ?" ಅಣ್ಣನ ಮುಖ ಬಿಗಿಯಿತು. "ಬಿಸಿಲಲ್ಲಿ ಸಾಯಿಸ್ಬೇಡ. ಇದ್ದಿದ್ದನ್ನ ಬರ್ಕೊಂಡು ಮುಗ್ಸು."

ಅವಳು ಬಾಗಿಲು ತೆಗೆದು ಕೂತು ಬೆಲ್ಟು ಬಿಗಿದುಕೊಂಡಳು.

ಕಾರು ಚಿಮ್ಮಿತು. ಅವಳ ಕಣ್ಣು ರಸ್ತೆಯ ಮೇಲಿರಲಿಲ್ಲ, ಅಣ್ಣನ ಬಲಗಾಲಿನ ಮೇಲಿತ್ತು. ಗೇರು ಬದಲಿಸುವ ನೆಪದಲ್ಲಿ ಮೋಸ ಮಾಡುವವನು ಆ ಕಾಲನ್ನೇ ಸಡಿಲಿಸಬೇಕು. ಆ ಕಾಲು ಆಕ್ಸಿಲರೇಟರನ್ನು ನೆಲಕ್ಕೆ ಹತ್ತಿಸಿ ತುಳಿದಿತ್ತು, ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಗೇರು ಬದಲಿಸುವ ಹೊತ್ತಿಗೆ ಅಣ್ಣನ ಬಾಯಿಂದ ಸಣ್ಣ ನರಳಿಕೆ ಹೊರಟಿತು. ಕ್ಲಚ್ಚಿನ ಮೇಲೆ ಎಡಗಾಲು ನಡುಗುತ್ತಾ ನಿಧಾನಕ್ಕೆ ಇಳಿಯಿತು. ಎಂಜಿನ್ನು ಸುಮ್ಮಸುಮ್ಮನೆ ಕಿರುಚಿತು. ಇನ್ನೊಂದು ಗೇರಿಗೂ ಅದೇ ಆಯಿತು.

ಕಾರು ನಿಂತ ಮೇಲೆ ಅವಳು ಬೆಲ್ಟು ಬಿಚ್ಚುವವಳಂತೆ ತಲೆ ಬಗ್ಗಿಸಿದಳು. ಅವಳು ನೋಡುತ್ತಿಲ್ಲವೆಂದುಕೊಂಡು ಅಣ್ಣ ಪ್ಯಾಂಟಿನ ಬಟ್ಟೆಯನ್ನು ಎಡಮಂಡಿಯ ಹತ್ತಿರ ಚಿವುಟಿ ಹಿಡಿದು, ಕಾಲನ್ನು ಚೀಲ ಎತ್ತಿಡುವ ಹಾಗೆ ಎತ್ತಿ ಪಕ್ಕಕ್ಕಿಟ್ಟ. ಬಟ್ಟೆ ಅಲ್ಲಿ ಚಿವುಟಿ ಚಿವುಟಿ ಸವೆದು ಬಿಳಿಚಿಕೊಂಡಿತ್ತು.

"ಎಷ್ಟು ದಿನ ಆಯ್ತು?" ಎಂದಳು.

ಅವನು ಸ್ಟೀರಿಂಗಿನಿಂದ ಕೈ ತೆಗೆದ. "ಐದು ತಿಂಗಳು. ಮಂಡಿ ಪೂರ್ತಿ ಸವೆದಿದೆಯಂತೆ. ಶುಕ್ರವಾರ ಆಫೀಸಿನ ಮೆಟ್ಟಿಲ ಮೇಲೆ ಹಾಗೇ ಕುಸಿದೆ. ಆ ಪ್ರಚಾರದವನು ನೋಡಿ ಡಾಕ್ಟರ ಹತ್ರ ಕರ್ಕೊಂಡು ಹೋದ. ಒಳ್ಳೆಯವನು ಪಾಪ."

"ನಿನ್ನ ಎಡಗಾಲು ಕೆಟ್ಟಿದೆ ಅಂತ ಅವನಿಗೆ ಗೊತ್ತು."

"ಹೂಂ."

"ಅವನ ಕಾರಿಗೆ ಎಡಗಾಲು ಬೇಡ, ಇದಕ್ಕೆ ಬೇಕು. ಗೊತ್ತಿದ್ದೂ ಇವತ್ತು ಬೆಳಗ್ಗೆಯಿಂದ ನೀರು ಹಂಚ್ತಾ ನಿಂತಿದ್ದಾನೆ."

ಅಣ್ಣ ತಿರುಗಿ ಡೇರೆಯ ಕಡೆ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. "ಯಾರಿಗೂ ಹೇಳ್ಬೇಡ ಅಂತ ನಾನೇ ಅಂಗಲಾಚಿದ್ದೆ ಕಣೇ," ಎಂದ ಕೊನೆಗೆ. "ಕಾರೇ ಮಂದ ಇರ್ಬೇಕು, ಕಾಲಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಗಾಳಿ, ಚಕ್ರ, ಪೆಟ್ರೋಲು ಎಲ್ಲ ಅಳೆದು, ಐದು ತಿಂಗಳಿಂದ ಕಣ್ಣೆದುರೇ ಕುಂಟುತ್ತಿದ್ದವನನ್ನು ನೋಡದೆ, ಕೊನೆಗೆ ಕಳ್ಳನೆಂದುಕೊಂಡಿದ್ದಳು.

"ಇಳಿ, ನಾನು ಓಡಿಸ್ತೀನಿ," ಎಂದಳು. ಅವಳಿಗೆ ಗೇರು ಹಾಕಲು ಕಲಿಸಿದವನು ಅವನೇ. ಆದರೆ ಕೋಷ್ಟಕಕ್ಕೆಂದು ಅವಳು ಯಾವತ್ತೂ ಓಡಿಸಿರಲಿಲ್ಲ.

ಅಣ್ಣ ಬಾಗಿಲು ಹಿಡಿದುಕೊಂಡು ಇಳಿದ. ಮೇಜಿನ ಹತ್ತಿರ ಹೋಗಿ ಅವಳ ಜಾಗದಲ್ಲಿ ಕೂತು ಯಂತ್ರದ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ.

ಅವಳು ಓಡಿಸಿ ವಾಪಸು ಬಂದಾಗ ಮೆಕ್ಯಾನಿಕ್ ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಮೇಜಿನ ಮುಂದೆಯೇ ನಿಂತಿದ್ದ. ಪ್ರಚಾರದವನು ಡೇರೆಯಿಂದ ಎರಡು ಹೆಜ್ಜೆ ಈಚೆ ಬಂದಿದ್ದ.

"ನಾಲ್ಕು ಪಾಯಿಂಟ್ ಒಂದು," ಎಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಅವಳಿಗೆ, "ಒಂದು ಕಡೆಯಿಂದ ಓಡಿಸಿದ್ದು ಲೆಕ್ಕಕ್ಕಿಲ್ಲ. ಆ ಕಡೆಯಿಂದಾನೂ ಬಾ. ಆಮೇಲೆ ಕೆಂಪನ್ನೂ ನೀನೇ ಓಡಿಸ್ಬೇಕು, ಇಲ್ದಿದ್ರೆ ಹೋಲಿಕೆ ಅಲ್ಲ."

ಅವಳು ಕಾರು ತಿರುಗಿಸಿಕೊಂಡಳು. ಕನ್ನಡಿಯಲ್ಲಿ ಅಣ್ಣ ಕಂಡ. ಪೆನ್ನಿನ ಮುಚ್ಚಳ ತೆಗೆದು ಕೋಷ್ಟಕದಲ್ಲಿ ಚಾಲಕ ಎಂಬಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿ ಏನನ್ನೋ ಬರೆಯುತ್ತಿದ್ದ. ಬರೆದು ಮುಗಿಸಿ, ಎಲ್ಲರೂ ನೋಡುತ್ತಿದ್ದಂತೆಯೇ, ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಎದುರಿನ ಕುರ್ಚಿಯ ಮೇಲೆ ಚಾಚಿಟ್ಟುಕೊಂಡ.